ರೆಪ್ಪೆಯಂಚಿನ ಗೆರೆ



ನಮ್ಮ ಅಜ್ಜಿಯ ಬಲಗೈ ಉಂಗುರಬೆರಳಿನ ಉಗುರಿನ ಸಂದಿಯಲ್ಲಿ ಸದಾ ಒಂದಿಷ್ಟು ಕಪ್ಪು ಇರುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದ ಕಪ್ಪು. ಮನೆಯಲ್ಲಿ ನಾವು ಏಳು ಮಂದಿ ಮಕ್ಕಳು. ಬೆಳಿಗ್ಗೆ ಜಡೆ ಹೆಣೆಸಿಕೊಂಡವರೆಲ್ಲ ಸಾಲಾಗಿ ಅಜ್ಜಿಯ ಮುಂದೆ ಕೂರಬೇಕಾಗಿತ್ತು. ಎಡಗೈಯಲ್ಲಿ ನಮ್ಮ ಗದ್ದ ಹಿಡಿದು, "ಮೇಲೆ ನೋಡೇ, ತೊಲೆ ನೋಡು" ಅನ್ನೋರು. ನಾವು ತೊಲೆ ನೋಡುವಷ್ಟರಲ್ಲಿ ಅವರ ಬೆರಳು ಕೆಳರೆಪ್ಪೆಯ ಒಳಗೆ ಹಾದುಹೋಗಿರುತ್ತಿತ್ತು. ಒಂದು ಕ್ಷಣ ಕಣ್ಣು ತಣ್ಣಗಾಗಿ, ಆಮೇಲೆ ನೀರು ತುಂಬಿಕೊಳ್ಳುತ್ತಿತ್ತು. ಬೆರಳಲ್ಲಿ ಉಳಿದ ಕಪ್ಪನ್ನು ಚಿಕ್ಕವರ ಕೆನ್ನೆಗೆ ಒಂದು ಬೊಟ್ಟಾಗಿ ಒತ್ತಿ, ಮಿಕ್ಕಿದ್ದನ್ನು ತಮ್ಮ ತಲೆಗೂದಲಿಗೆ ಒರೆಸಿಕೊಳ್ಳೋರು.

ಆ ಕಾಡಿಗೆ ಇವತ್ತು ಐಲೈನರ್ ಆಗಿದೆ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಪ್ರತಿ ವರ್ಷ ವಾರ್ಷಿಕೋತ್ಸವ ಬಂದಾಗ ನಾಟಕದ ಮಕ್ಕಳಿಗೆ ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಹಾಗಾಗಿ ನೂರಾರು ಜೊತೆ ಕಣ್ಣುಗಳಿಗೆ ಗೆರೆ ಎಳೆದಿದ್ದೇನೆ. ಎಳೆಯುತ್ತಾ ಎಳೆಯುತ್ತಾ ನನಗೊಂದು ಸಂಗತಿ ಮನದಟ್ಟಾಯಿತು. ಕಣ್ಣಿನ ಗೆರೆಯ ಫ್ಯಾಷನ್ ಬದಲಾಗುವುದು ಮನಸ್ಸಿನ ಚಪಲದಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಅದಕ್ಕಿಂತ ಹೆಚ್ಚಾಗಿ ಅದನ್ನು ಬದಲಾಯಿಸುವುದು ಕೈಯಲ್ಲಿರುವ ಸಾಧನ. ಬೆರಳು ಇದ್ದಾಗ ಒಂದು ಗೆರೆ, ಕಡ್ಡಿ ಬಂದಾಗ ಇನ್ನೊಂದು, ಕುಂಚ ಬಂದಾಗ ಮತ್ತೊಂದು. ಇವತ್ತು ಅದನ್ನೇ ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಮೊದಲು ಕಾಡಿಗೆ ಹಿಡಿಯುವ ಬಗೆ ಹೇಳುತ್ತೇನೆ. ಈಗಿನ ಎಷ್ಟೋ ಮಕ್ಕಳು ಇದನ್ನು ನೋಡಿಲ್ಲ. ಹಳೆಯ ಮೆತ್ತನೆ ಪಂಚೆಯ ತುಂಡನ್ನು ಹೊನಗೊನ್ನೆ ಸೊಪ್ಪಿನ ರಸದಲ್ಲೋ ನಂದಿಬಟ್ಟಲು ಹೂವಿನ ರಸದಲ್ಲೋ ನೆನೆಸಿ, ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಮತ್ತೆ ನೆನೆಸಬೇಕು. ಹೀಗೆ ಮೂರು ನಾಲ್ಕು ದಿನ. ಆಮೇಲೆ ಅದನ್ನು ಹೊಸೆದು ಬತ್ತಿ ಮಾಡಿ, ಹಣತೆಯಲ್ಲಿ ಹರಳೆಣ್ಣೆ ಹಾಕಿ ಹಚ್ಚುವುದು. ಎರಡೂ ಕಡೆ ಇಟ್ಟಿಗೆ ನಿಲ್ಲಿಸಿ, ಅವುಗಳ ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಹಾಕುವುದು. ಇಡೀ ಕೆಲಸದ ಜಾಣ್ಮೆ ಇರುವುದು ಈ ತಟ್ಟೆಗೂ ಕುಡಿಗೂ ನಡುವಿನ ಅಂತರದಲ್ಲಿ. ತೀರಾ ತಗ್ಗಿದರೆ ಗಾಳಿ ಸಾಲದೆ ದೀಪ ನಂದುತ್ತದೆ. ತೀರಾ ಎತ್ತರವಾದರೆ ಎಣ್ಣೆಯೆಲ್ಲ ಚೆನ್ನಾಗಿ ಉರಿದುಹೋಗಿ ಮಸಿಯೇ ಕಟ್ಟುವುದಿಲ್ಲ. ಕುಡಿಯ ತುದಿ ತಟ್ಟೆಗೆ ತಾಗಿಯೂ ತಾಗದ ಹಾಗಿದ್ದರೆ, ಅರೆಬರೆ ಉರಿದ ಎಣ್ಣೆಯ ಇಂಗಾಲ ತಣ್ಣನೆಯ ಲೋಹಕ್ಕೆ ಹತ್ತಿಕೊಂಡು ಬೆಳಗಾಗುವಷ್ಟರಲ್ಲಿ ಮಕಮಲ್ಲಿನ ಹಾಗೆ ಕೂತಿರುತ್ತದೆ. ಅದನ್ನು ಕೆರೆದು, ನಾಲ್ಕು ಹನಿ ಹರಳೆಣ್ಣೆ ಅಥವಾ ತೊಳೆದ ಬೆಣ್ಣೆ ಹಾಕಿ ಮಿದ್ದು, ಡಬ್ಬಿಗೆ ತುಂಬಿದರೆ ಆಯಿತು.

ಇಷ್ಟೆಲ್ಲ ಮಾಡಿದ ಆ ಕಾಡಿಗೆ ಹೋಗಿ ಕೂರುತ್ತಿದ್ದುದು ಎಲ್ಲಿ? ಕೆಳರೆಪ್ಪೆಯ ಒಳಅಂಚಿನಲ್ಲಿ ಮಾತ್ರ. ನಮ್ಮ ಹಳೆಯ ಪಟಗಳನ್ನು ತೆಗೆದು ನೋಡಿ, ಅಜ್ಜಿ, ಚಿಕ್ಕಮ್ಮ, ಅತ್ತೆ, ಎಲ್ಲರ ಕಣ್ಣೂ ಒಂದೇ ಥರ. ಕೆಳಗೆ ದಪ್ಪ ಕಪ್ಪು, ಮೇಲ್ರೆಪ್ಪೆ ಬರಿದು. ಇದು ಯಾರೋ ಕೂತು ತೀರ್ಮಾನ ಮಾಡಿದ ಫ್ಯಾಷನ್ ಅಲ್ಲ. ಎಣ್ಣೆ ಸವರಿದ ಬೆರಳು ಹೋಗಬಲ್ಲ ಜಾಗ ಅದೊಂದೇ. ಬೆರಳಿನಿಂದ ಮೇಲ್ರೆಪ್ಪೆಯ ಕೂದಲ ಬುಡದಲ್ಲಿ ಕೂದಲೆಳೆಯಷ್ಟು ಗೆರೆ ಎಳೆಯಲು ಹೋದರೆ ಕಣ್ಣಿನ ಸುತ್ತ ಮಸಿ ಬಳಿದ ಹಾಗಾಗುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮುಸ್ಲಿಂ ಕುಟುಂಬ ಇತ್ತು. ಅವರ ಮನೆಯಲ್ಲಿ ಸುರ್ಮಾ. ಅದು ಎಣ್ಣೆ ಕಾಡಿಗೆಯಲ್ಲ, ನುಣ್ಣನೆ ಅರೆದ ಪುಡಿ. ಪುಟ್ಟ ಸುರ್ಮಾದಾನಿಯ ಮುಚ್ಚಳಕ್ಕೇ ಒಂದು ಸಲಾಯಿ ಅಂಟಿಕೊಂಡಿರುತ್ತಿತ್ತು, ಅಂದರೆ ಮೊಂಡು ತುದಿಯ ಲೋಹದ ಕಡ್ಡಿ. ರಂಜಾನ್ ಹಬ್ಬದ ಬೆಳಿಗ್ಗೆ ಆ ಮನೆಯ ಗಂಡಸರೂ ಹಚ್ಚಿಕೊಂಡು ನಮಾಜಿಗೆ ಹೊರಡೋರು. ಕಡ್ಡಿಯನ್ನು ರೆಪ್ಪೆಗಳ ನಡುವೆ ಇಟ್ಟು, ಕಣ್ಣು ಮುಚ್ಚಿ, ಮೆಲ್ಲನೆ ಹೊರಗಡೆಗೆ ಎಳೆಯುತ್ತಿದ್ದರು. ಕಣ್ಣು ತೆರೆದರೆ ಮೇಲಿನ ಅಂಚೂ ಕೆಳಗಿನ ಅಂಚೂ ಒಟ್ಟಿಗೆ ಕಪ್ಪಾಗಿರುತ್ತಿದ್ದವು. ಕಡ್ಡಿ ಹೊರಬರುವಾಗ ಕಣ್ಣಿನ ಕೊನೆಯಲ್ಲಿ ಒಂದು ಚೂಪು ಬಾಲವೂ ಮೂಡುತ್ತಿತ್ತು. ಹುಡುಗಿಯಾಗಿದ್ದ ನನಗೆ ಆ ಬಾಲದ ಮೇಲೆ ಬಹಳ ಆಸೆ. ಮನೆಗೆ ಬಂದು ಬೆಂಕಿಕಡ್ಡಿಯ ತುದಿಗೆ ಅಜ್ಜಿಯ ಕಾಡಿಗೆ ಅದ್ದಿಕೊಂಡು ಎಳೆದು ನೋಡಿದ್ದೆ. ನನ್ನ ಮೊದಲ ಐಲೈನರ್ ಅಂದರೆ ಅದೇ.

ಈ ಕಡ್ಡಿಯ ಕಥೆ ಬಹಳ ಹಳೆಯದು. ಸಿಂಧೂ ನಾಗರಿಕತೆಯ ನೆಲೆಗಳಲ್ಲಿ ಕಣ್ಣಿಗೆ ಅಂಜನ ಹಚ್ಚುವ ತಾಮ್ರದ ಕಡ್ಡಿಗಳು ಸಿಕ್ಕಿವೆ. ಈಜಿಪ್ಟಿನ ಗೋರಿಗಳಲ್ಲಿ ಕಾಡಿಗೆಯ ಪುಟ್ಟ ಭರಣಿಗಳೂ ಕಡ್ಡಿಗಳೂ ದಂಡಿಯಾಗಿ ದೊರೆತಿವೆ. ಅಲ್ಲಿನವರು ಮೊದಮೊದಲು ಮ್ಯಾಲಕೈಟ್ ಎಂಬ ತಾಮ್ರದ ಅದಿರನ್ನು ಅರೆದು ಕಣ್ಣಿಗೆ ಹಸಿರು ಹಚ್ಚುತ್ತಿದ್ದರು. ಆಮೇಲೆ ಗೆಲೀನ ಎಂಬ ಸೀಸದ ಅದಿರಿನ ಕಪ್ಪು ಮೇಲುಗೈ ಪಡೆಯಿತು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಹಚ್ಚಿಕೊಳ್ಳುತ್ತಿದ್ದರು. ಮರಳುಗಾಡಿನ ಬಿಸಿಲು, ನೊಣ, ಕಣ್ಣುಬೇನೆ ಇವಕ್ಕೆಲ್ಲ ಅದು ಔಷಧಿ ಅನ್ನುವ ನಂಬಿಕೆ. ಫ್ರಾನ್ಸಿನ ವಿಜ್ಞಾನಿಗಳು ಲೂವ್ರ್ ಸಂಗ್ರಹಾಲಯದಲ್ಲಿದ್ದ ಆ ಪುಡಿಗಳನ್ನು ಪರೀಕ್ಷಿಸಿದಾಗ, ನಿಸರ್ಗದಲ್ಲಿ ಅಪರೂಪವಾದ ಸೀಸದ ಲವಣಗಳು ಕಂಡುಬಂದವು. ಅವನ್ನು ಈಜಿಪ್ಟಿನವರು ವಾರಗಟ್ಟಲೆ ಕೂತು ತಾವೇ ತಯಾರಿಸಿದ್ದರು. ಆ ಲವಣ ತೀರಾ ಅಲ್ಪ ಪ್ರಮಾಣದಲ್ಲಿ ಚರ್ಮದ ಜೀವಕೋಶಗಳನ್ನು ಕೆರಳಿಸಿ, ಸೋಂಕನ್ನು ಎದುರಿಸಲು ಎಚ್ಚರಿಸಬಲ್ಲದು ಎಂದು 2010ರಲ್ಲಿ ಅವರು ಪ್ರಕಟಿಸಿದರು. ಹಾಗಂತ ಸೀಸ ಒಳ್ಳೆಯದು ಅಂತ ಯಾರೂ ತಿಳಿಯಬಾರದು. ಆ ಮಾತಿಗೆ ಮುಂದೆ ಬರುತ್ತೇನೆ.

ನಮ್ಮಲ್ಲೂ ಅಂಜನ ಹೆಂಗಸರ ಸೊತ್ತು ಮಾತ್ರ ಆಗಿರಲಿಲ್ಲ. ಗುರುಕುಲದ ಓದು ಮುಗಿಸಿ ಮನೆಗೆ ಹೊರಟ ಬ್ರಹ್ಮಚಾರಿಗೆ ಸಮಾವರ್ತನೆಯಲ್ಲಿ ಕಣ್ಣಿಗೆ ಅಂಜನ, ಕೈಗೆ ಕನ್ನಡಿ, ಛತ್ರಿ, ಕಾಲಿಗೆ ಪಾದರಕ್ಷೆ ಕೊಡಬೇಕೆಂದು ಗೃಹ್ಯಸೂತ್ರಗಳು ಹೇಳುತ್ತವೆ. ಮದುವೆಮನೆಯಲ್ಲಿ ಕಾಶಿಯಾತ್ರೆಗೆ ಹೊರಟ ವರನ ಕೈಯಲ್ಲಿ ಛತ್ರಿ, ಕಣ್ಣಲ್ಲಿ ಕಾಡಿಗೆ, ಕೆನ್ನೆಯಲ್ಲಿ ಬೊಟ್ಟು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಂಜನಕ್ಕೆ ಇನ್ನೊಂದು ಲೋಕವೂ ಇದೆ. ಹಳ್ಳಿಗಳಲ್ಲಿ ದನ ಕಳೆದರೆ, ಒಡವೆ ಕಳೆದರೆ ಅಂಜನ ಹಾಕಿಸುತ್ತಿದ್ದರು. ವೀಳ್ಯದೆಲೆಗೆ ಆ ಕಪ್ಪು ಸವರಿ, ಅದರೊಳಗೆ ದಿಟ್ಟಿಸಿದವರಿಗೆ ಕಳೆದದ್ದು ಕಾಣುತ್ತದೆ ಎನ್ನುವ ನಂಬಿಕೆ. ಕಣ್ಣಿಗೆ ಹಚ್ಚುವ ಕಪ್ಪಿಗೂ ಕಾಣದ್ದನ್ನು ಕಾಣಿಸುವ ಕಪ್ಪಿಗೂ ನಮ್ಮವರು ಒಂದೇ ಹೆಸರಿಟ್ಟಿದ್ದಾರೆ.

ಗೆರೆ ಎಳೆಯುವ ಕೈ ಯಾರದು ಅನ್ನುವುದೂ ಮುಖ್ಯ. ನಾನು ಹಾಸನದ ಕಡೆಯವಳು. ಬೇಲೂರು ನಮಗೆ ನೆಂಟರ ಮನೆಯಿದ್ದ ಹಾಗೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಚೆನ್ನಕೇಶವನ ಗುಡಿಯಲ್ಲಿ ದರ್ಪಣಸುಂದರಿಯ ಶಿಲ್ಪದ ಮುಂದೆ ಎಷ್ಟು ಹೊತ್ತು ನಿಂತಿದ್ದೇನೋ ಲೆಕ್ಕವಿಲ್ಲ. ಅವಳ ಕೈಯಲ್ಲಿ ಕನ್ನಡಿ. ಖಜುರಾಹೋದ ಪಾರ್ಶ್ವನಾಥ ಬಸದಿಯ ಹೊರಗೋಡೆಯಲ್ಲಿ ಇನ್ನೊಬ್ಬಳಿದ್ದಾಳೆ, ಅವಳು ಕಣ್ಣಿಗೆ ಅಂಜನ ಹಚ್ಚಿಕೊಳ್ಳುತ್ತಿದ್ದಾಳೆ. ಇಬ್ಬರೂ ತಮ್ಮ ಕೈಯಿಂದ ತಾವೇ ಅಲಂಕರಿಸಿಕೊಳ್ಳುತ್ತಿರುವವರು. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಕನ್ನಡಿ ಮನೆಗೆಲ್ಲ ಒಂದು, ಗೋಡೆಯಲ್ಲಿ ಅಪ್ಪನ ಎತ್ತರಕ್ಕೆ ತೂಗುಹಾಕಿದ್ದು. ಅದು ಅಪ್ಪನ ಕ್ಷೌರಕ್ಕೆ. ಹೆಣ್ಣುಮಕ್ಕಳಿಗೆ ಅಜ್ಜಿಯ ಬೆರಳೇ ಗತಿ. ಕೈಕನ್ನಡಿ ಬಂದ ಮೇಲೆ ನಮ್ಮ ಕಣ್ಣಿನ ಗೆರೆ ನಮ್ಮ ಕೈಗೆ ಬಂತು.

ರಂಗದ ಕಣ್ಣು ಬೇರೆ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಮನೆಯಲ್ಲಿ, ಒಮ್ಮೆಯಾದರೂ ಕೂತು ನೋಡಿ. ಕಲಾವಿದರು ನೆಲದ ಮೇಲೆ ಚಕ್ಕಂಬಟ್ಟಲೆ ಹಾಕಿ, ಕೈಗನ್ನಡಿ ಮುಂದಿಟ್ಟುಕೊಂಡು, ಸಫೇತ, ಇಂಗಳೀಕ, ಅರದಳ, ಮಸಿಗಳನ್ನು ಎಣ್ಣೆಯಲ್ಲಿ ಕಲಸಿ ತಮ್ಮ ಮುಖ ತಾವೇ ಬರೆದುಕೊಳ್ಳುತ್ತಾರೆ. ಕಣ್ಣಿನ ಕಪ್ಪು ರೆಪ್ಪೆಯಲ್ಲಿ ನಿಲ್ಲುವುದಿಲ್ಲ, ಕಣತಲೆಯ ಕಡೆಗೆ ಹರಿಯುತ್ತದೆ. ಪಂಜಿನ ಬೆಳಕಿನಲ್ಲಿ ಆಡುತ್ತಿದ್ದ ಕಾಲದಲ್ಲಿ, ಗದ್ದೆಯ ಆಚೆ ಬದುವಿನ ಮೇಲೆ ಕೂತವನಿಗೂ ಕಣ್ಣು ಕಾಣಬೇಕಿತ್ತಲ್ಲ. ಭರತನಾಟ್ಯದವರ ನೀಳ ಗೆರೆಗೂ ಇದೇ ಕಾರಣ. ಅಭಿನಯದರ್ಪಣ ಎಂಟು ದೃಷ್ಟಿಭೇದಗಳನ್ನು ಹೇಳುತ್ತದೆ, ನಾಟ್ಯಶಾಸ್ತ್ರ ಮೂವತ್ತಾರು ದೃಷ್ಟಿಗಳನ್ನು ಹೇಳುತ್ತದೆ. ಅಷ್ಟೊಂದು ನೋಟ ಕೊನೆಯ ಸಾಲಿನವರೆಗೆ ಮುಟ್ಟಬೇಕಾದರೆ ಬಿಳಿಗಣ್ಣಿಗೆ ಸುತ್ತ ಕಪ್ಪು ಅಂಚು ಬೇಕೇ ಬೇಕು. ನಾನು ಶಾಲೆಯ ಮಕ್ಕಳಿಗೆ ಬಣ್ಣ ಹಚ್ಚಿದ ಮೇಲೆ ವೇದಿಕೆಯಿಂದ ಇಳಿದು ಹಿಂದಿನ ಬೆಂಚಿಗೆ ಹೋಗಿ ನಿಂತು ನೋಡುತ್ತಿದ್ದೆ. ಹತ್ತಿರದಿಂದ ಒರಟಾಗಿ ಕಂಡ ಗೆರೆ ಅಲ್ಲಿಂದ ಹದವಾಗಿರುತ್ತಿತ್ತು.

ಸಿನಿಮಾ ಬಂದದ್ದು ಈ ದೂರವನ್ನೇ ಅಳಿಸಿಹಾಕಿತು. ಕನ್ನಡದ ಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನ'. ಹೆಸರಲ್ಲೇ ಚೆಲುವಾದ ಕಣ್ಣಿದೆ. ಹತ್ತಿರದ ದೃಶ್ಯದಲ್ಲಿ ಕಣ್ಣು ಪರದೆಯ ತುಂಬ ಹರಡಿದಾಗ ಬೆರಳಿನ ಕಾಡಿಗೆ ಸಾಲದಾಯಿತು. ಅಲ್ಲಿಗೆ ಕುಂಚ ಬಂತು. ಹೊರದೇಶಗಳಲ್ಲಿ ಇದಕ್ಕೆ ಇನ್ನೊಂದು ಒತ್ತಾಸೆಯೂ ಸಿಕ್ಕಿತ್ತು. 1912ರಲ್ಲಿ ಅಮರ್ನಾದ ಶಿಲ್ಪಿಯೊಬ್ಬನ ಕಾರ್ಯಾಗಾರದ ಅವಶೇಷದಲ್ಲಿ ರಾಣಿ ನೆಫರ್ಟಿಟಿಯ ಬಣ್ಣದ ಶಿಲ್ಪ ದೊರೆಯಿತು, 1922ರಲ್ಲಿ ಟುಟಾಂಖಾಮುನ್‌ನ ಗೋರಿ ತೆರೆಯಿತು. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ನೀಳ ಕಪ್ಪು ಗೆರೆ ಪತ್ರಿಕೆಗಳಲ್ಲಿ ಅಚ್ಚಾದದ್ದೇ ತಡ, ಯುರೋಪು ಅಮೆರಿಕಗಳ ಹುಡುಗಿಯರ ಕಣ್ಣಿಗೂ ಬಂತು.

ನಮ್ಮಲ್ಲಿ 1952ರಲ್ಲಿ ಟಾಟಾದವರು ಲ್ಯಾಕ್ಮೆ ಆರಂಭಿಸಿದರು. ಲಕ್ಷ್ಮಿ ಅನ್ನುವ ಹೆಸರೇ ಪ್ಯಾರಿಸ್ಸಿನ ಸಂಗೀತ ನಾಟಕವೊಂದಕ್ಕೆ ಹೋಗಿ, ಲ್ಯಾಕ್ಮೆಯಾಗಿ ತವರಿಗೆ ಬಂದದ್ದು. ಆ ನಾಟಕ 1883ರದ್ದು. ಆದರೆ ನಮ್ಮ ಊರಿನ ಹೆಣ್ಣುಮಕ್ಕಳಿಗೆ ಮೇಲ್ರೆಪ್ಪೆಯ ಗೆರೆ ಕಲಿಸಿದವರು ಅಂಗಡಿಯವರಲ್ಲ, ಟೆಂಟ್ ಸಿನಿಮಾ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 1964ರ 'ಅಮರಶಿಲ್ಪಿ ಜಕಣಾಚಾರಿ'. ಬೇಲೂರಿನ ಕಲ್ಲುಕುಟಿಗನ ಐತಿಹ್ಯದ ಕಥೆ. ಅದರಲ್ಲಿ ಬಿ. ಸರೋಜಾದೇವಿಯವರ ಕಣ್ಣು ಬಣ್ಣದಲ್ಲಿ ಅಷ್ಟು ದೊಡ್ಡದಾಗಿ ಕಂಡಾಗ ನಮ್ಮ ಚಿಕ್ಕಮ್ಮಂದಿರು ಮನೆಗೆ ಬಂದವರೇ ಕನ್ನಡಿ ಮುಂದೆ ಕೂತರು. ಆಮೇಲೆ ಕಲ್ಪನಾ ಬಂದರು. 'ಗೆಜ್ಜೆಪೂಜೆ', 'ಶರಪಂಜರ'ದ ಕಲ್ಪನಾ ಅಂದರೆ ನಮಗೆ ಮೇಲ್ರೆಪ್ಪೆಯ ದಪ್ಪ ಗೆರೆಯೇ ಮೊದಲು ನೆನಪಾಗುವುದು. ನಮ್ಮ ಚಿಕ್ಕಮ್ಮನ ಹತ್ತಿರ ಐಲೈನರ್ ಎಲ್ಲಿತ್ತು? ಮಕ್ಕಳು ಚಿತ್ರಕ್ಕೆ ಬಣ್ಣ ಹಚ್ಚುವ ಸಣ್ಣ ಕುಂಚ, ನೀರಲ್ಲಿ ಕದಡಿದ ಕಾಡಿಗೆ ಬಿಲ್ಲೆ, ಅಷ್ಟೇ. ಬೆರಳು ಮುಟ್ಟದ ಜಾಗಕ್ಕೆ ಕುಂಚ ಮುಟ್ಟಿತು. ಗೆರೆ ಒಳಗಿನಿಂದ ಹೊರಕ್ಕೆ, ಕೆಳಗಿನಿಂದ ಮೇಲಕ್ಕೆ ಜಿಗಿಯಿತು. ಅಜ್ಜಿ ಅದನ್ನು ನೋಡಿ, "ಕಣ್ಣಿಗೆ ಹಾಕೋದು ಬಿಟ್ಟು ರೆಪ್ಪೆಗೆ ಯಾಕೆ ಹಾಕ್ತೀಯೇ" ಅಂದಿದ್ದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅವರ ಕಾಡಿಗೆ ಕಣ್ಣು ತಂಪಾಗಿರಲಿ ಅಂತ. ಚಿಕ್ಕಮ್ಮನ ಗೆರೆ ಕಣ್ಣು ಚೆನ್ನಾಗಿ ಕಾಣಲಿ ಅಂತ.

ಆಮೇಲಿನದು ಬೇಗ ಹೇಳಿಬಿಡಬಹುದು. ಪೆನ್ಸಿಲ್ ಬಂದಾಗ ಗೆರೆ ಮೆತ್ತಗಾಯಿತು. ಮೇಣದ ಪೆನ್ಸಿಲ್ಲು ಚೂಪಾಗಿ ನಿಲ್ಲದ್ದರಿಂದ, ಬೆರಳಿನಿಂದ ಒಂದಿಷ್ಟು ಹರಡಿ ಮಸುಕು ಮಾಡುವುದೇ ಚೆಂದವಾಯಿತು. ಪುಟ್ಟ ಬಾಟಲಿಯ ದ್ರವ ಐಲೈನರ್, ಡಬ್ಬಿಯ ಜೆಲ್, ತಿರುಗಿಸಿದರೆ ಮೇಲೆ ಬರುವ ಕಾಜಲ್ ಕಡ್ಡಿ, ಸ್ಕೆಚ್ ಪೆನ್ನಿನ ಹಾಗಿರುವ ಲೈನರ್, ಒಂದೊಂದೂ ತನ್ನ ಗೆರೆಯನ್ನು ತಾನೇ ತಂದಿತು. ಈಗಿನ ಹುಡುಗಿಯರು 'ವಿಂಗ್' ಅನ್ನುವ, ಕತ್ತಿಯ ತುದಿಯಂಥ ಬಾಲ, ಬೆಂಕಿಕಡ್ಡಿಯಲ್ಲಿ ನನಗೆ ಎಂದೂ ಒಲಿಯದ್ದು, ಆ ಪೆನ್ನಿನಿಂದ ಒಂದೇ ಎಳೆತಕ್ಕೆ ಬರುತ್ತದೆ. 2020ರಲ್ಲಿ ಕೊರೋನಾ ಬಂದು ಎಲ್ಲರೂ ಮೂಗು ಬಾಯಿ ಮುಚ್ಚಿಕೊಂಡು ಓಡಾಡಿದಾಗ ಮುಖದಲ್ಲಿ ಉಳಿದದ್ದು ಕಣ್ಣೊಂದೇ. ಆ ದಿನಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ತುಟಿಯ ಬಣ್ಣ ಬಿಟ್ಟು ಕಣ್ಣಿನ ಗೆರೆಗೇ ಹೆಚ್ಚು ಹೊತ್ತು ಕೊಟ್ಟರು.

ಗೆರೆ ಎಳೆಯುವ ಕೈಚಳಕ ಕೇಳಿದವರಿಗೆ ನಾನು ರಂಗೋಲಿಯಿಂದಲೇ ಹೇಳುತ್ತೇನೆ. ಮೊದಲು ಚುಕ್ಕಿ, ಆಮೇಲೆ ಗೆರೆ. ರೆಪ್ಪೆಗೂದಲ ಬುಡದಲ್ಲಿ ಮೂರು ಚುಕ್ಕಿ ಇಟ್ಟು, ಅವನ್ನು ಸಣ್ಣ ಸಣ್ಣ ಎಳೆಗಳಲ್ಲಿ ಕೂಡಿಸಬೇಕು. ಮೊಣಕೈ ಮೇಜಿಗೆ ಊರಿರಬೇಕು, ಕಿರುಬೆರಳು ಕೆನ್ನೆಗೆ ಆನಿಕೊಂಡಿರಬೇಕು. ಕನ್ನಡಿಯನ್ನು ಮುಖಕ್ಕಿಂತ ತಗ್ಗಿನಲ್ಲಿಟ್ಟು, ಗದ್ದ ಎತ್ತಿ ಕೆಳಕ್ಕೆ ನೋಡಿದರೆ ರೆಪ್ಪೆ ತಾನಾಗಿ ಚಾಚಿಕೊಳ್ಳುತ್ತದೆ. ಚರ್ಮವನ್ನು ಬೆರಳಿನಿಂದ ಜಗ್ಗಿ ಹಿಡಿದು ಬರೆದರೆ, ಬಿಟ್ಟ ಕೂಡಲೇ ಗೆರೆ ಸೊಟ್ಟ. ಬಾಲ ಬರೆಯುವಾಗ ಮಾತ್ರ ಕಣ್ಣು ತೆರೆದು ನೇರ ನೋಡಬೇಕು. ಕೆಳರೆಪ್ಪೆಯ ಅಂಚು ಯಾವ ಕಡೆಗೆ ಹೊರಟಿದೆಯೋ ಅದೇ ದಾರಿಯಲ್ಲಿ, ಹುಬ್ಬಿನ ಕೊನೆಯ ಕಡೆಗೆ ಮುಂದುವರಿಸಿದರೆ ಆಯಿತು. ಎರಡು ಕಣ್ಣೂ ಒಂದೇ ಅಳತೆಯವಲ್ಲ. ಮುಖ ನೋಡಿ ಗೆರೆ ತಿದ್ದಬೇಕು. ಒಂದನ್ನು ನೋಡಿ ಇನ್ನೊಂದನ್ನು ನಕಲು ಮಾಡಿದರೆ ಎರಡೂ ಕೆಡುತ್ತವೆ.

ಇನ್ನು ಆಗಲೇ ಹೇಳುತ್ತೇನೆಂದ ಮಾತು. ಇದನ್ನು ತಾಯಂದಿರು ದಯವಿಟ್ಟು ಗಮನವಿಟ್ಟು ಕೇಳಬೇಕು. ಅದಿರಿನಿಂದ ಮಾಡಿದ ಸುರ್ಮಾಗಳಲ್ಲಿ ಸೀಸ ಇರಬಹುದು. ಮಕ್ಕಳು ಕಣ್ಣುಜ್ಜಿದ ಕೈಯನ್ನೇ ಬಾಯಿಗಿಡುತ್ತಾರೆ. ಹೊಟ್ಟೆ ಸೇರಿದ ಸೀಸ ರಕ್ತಕ್ಕೆ ಹೋಗಿ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದೇ ಕಾರಣಕ್ಕೆ ಕೋಲ್, ಕಾಜಲ್, ಸುರ್ಮಾಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮನೆಯ ಕಾಡಿಗೆ ಇಂಗಾಲದ್ದು, ಅದರಲ್ಲಿ ಸೀಸ ಹಾಕುವುದಿಲ್ಲ, ನಿಜ. ಆದರೂ ಹಸುಗೂಸಿನ ಕಣ್ಣೊಳಗೆ ಬೆರಳು ಹಾಕಬೇಡಿ ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಉಗುರಿನ ಕೊಳೆ ಕಣ್ಣಿಗೆ ಸೋಂಕು ತರುತ್ತದೆ. ಕಾಡಿಗೆ ಹಚ್ಚಿದರೆ ಕಣ್ಣು ದೊಡ್ಡದಾಗುತ್ತದೆ ಅನ್ನುವುದು ನಮ್ಮ ಪ್ರೀತಿಯ ಭ್ರಮೆ. ನನ್ನ ಮೊಮ್ಮಗು ಹುಟ್ಟಿದಾಗ, ಅಜ್ಜಿಯ ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದ ನಾನು ವೈದ್ಯರ ಮಾತಿಗೆ ತಲೆಬಾಗಿ ಕಣ್ಣಿಗೆ ಹಚ್ಚುವುದನ್ನು ಬಿಟ್ಟೆ, ಅಂಗಾಲಿಗೆ ಒಂದು ಬೊಟ್ಟಿಟ್ಟೆ. ದೃಷ್ಟಿಗೆ ಅಷ್ಟು ಸಾಕು.

ದೊಡ್ಡವರಿಗೂ ಒಂದು ಮಾತಿದೆ. ರೆಪ್ಪೆಯ ಒಳಅಂಚಿನಲ್ಲಿ ಸಾಲಾಗಿ ಸಣ್ಣ ಎಣ್ಣೆ ಗ್ರಂಥಿಗಳ ಬಾಯಿಗಳಿವೆ. ಆ ಎಣ್ಣೆಯೇ ಕಣ್ಣೀರು ಬೇಗ ಆರದಂತೆ ಕಾಯುವುದು. ಅಲ್ಲಿ ದಿನವೂ ಮೇಣ ಬಳಿದರೆ ಬಾಯಿ ಕಟ್ಟಿಕೊಂಡು ಕಣ್ಣು ಒಣಗಿ ಉರಿಯಬಹುದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಳಅಂಚಿಗೆ ಹಚ್ಚಿದ ಐಲೈನರ್ ರೆಪ್ಪೆಯ ಹೊರಗೆ ಹಚ್ಚಿದ್ದಕ್ಕಿಂತ ಬೇಗ, ಹೆಚ್ಚು ಪ್ರಮಾಣದಲ್ಲಿ ಕಣ್ಣೀರಿಗೆ ಸೇರುವುದನ್ನು ತೋರಿಸಿದ್ದಾರೆ. ಚಿಕ್ಕಮ್ಮ ಕುಂಚ ಹಿಡಿದು ಗೆರೆಯನ್ನು ಹೊರಕ್ಕೆ ತಂದದ್ದು ಒಳ್ಳೆಯದೇ ಆಯಿತು ಅಂತ ಓದಿದಾಗ ಅನ್ನಿಸಿತು. ಒಬ್ಬರ ಕಾಜಲ್ ಇನ್ನೊಬ್ಬರು ಬಳಸಬೇಡಿ. ಶಾಲೆಯ ನಾಟಕದಲ್ಲಿ ಒಮ್ಮೆ ಒಂದೇ ಪೆನ್ಸಿಲ್ಲಿನಲ್ಲಿ ಹನ್ನೆರಡು ಮಕ್ಕಳಿಗೆ ಗೆರೆ ಎಳೆದು, ಮೂರನೇ ದಿನ ಅರ್ಧ ತರಗತಿಗೆ ಕಣ್ಣುಬೇನೆ ಬಂದು, ನಾನು ಮನೆಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. ಅವತ್ತಿನಿಂದ ಪ್ರತಿ ಮಗುವಿಗೂ ಬೇರೆ ಬೇರೆ ಹತ್ತಿಕಡ್ಡಿ.

ಹೋದ ತಿಂಗಳು ತಂಗಿಯ ಮಗನ ಮದುವೆ. ನನ್ನ ಕೈ ಈಗ ನಡುಗುತ್ತದೆ, ರೆಪ್ಪೆಯೂ ಇಳಿಬಿದ್ದಿದೆ. ಗೆರೆ ಎಳೆದರೂ ಮಡಿಕೆಯೊಳಗೆ ಮುಚ್ಚಿಹೋಗುತ್ತದೆ. ಕಾಲೇಜಿಗೆ ಹೋಗುವ ಮೊಮ್ಮಗಳು, "ಅಜ್ಜಿ, ನಾನು ಹಾಕ್ತೀನಿ ಬಾ" ಅಂತ ಕಿಟಕಿಯ ಬೆಳಕಿಗೆ ಎದುರಾಗಿ ಕೂರಿಸಿದಳು. ಇಳಿಬಿದ್ದ ರೆಪ್ಪೆಗೆ ದಪ್ಪ ಗೆರೆ ಬೇಡವಂತೆ, ಕೂದಲ ಬುಡದಲ್ಲಿ ಒತ್ತಾಗಿ ಚುಕ್ಕಿ ಇಟ್ಟರೆ ಸಾಕಂತೆ. ಎಡಗೈಯಲ್ಲಿ ನನ್ನ ಗದ್ದ ಹಿಡಿದುಕೊಂಡಳು. "ಕೆಳಗೆ ನೋಡಜ್ಜಿ, ನನ್ನ ಕಾಲುಂಗುರ... ಅಯ್ಯೋ, ಕಾಲುಂಗುರ ಇಲ್ಲ, ಕಾಲ್ಬೆರಳು ನೋಡು" ಅಂದಳು. ನಾನು ಅವಳ ಕಾಲ್ಬೆರಳು ನೋಡುತ್ತಾ ಕೂತೆ. ರಾತ್ರಿ ಮದುವೆಮನೆಯಿಂದ ಬಂದ ಮೇಲೆ ಕೊಬ್ಬರಿಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಒಂದು ನಿಮಿಷ ಇಟ್ಟು, ತಿಕ್ಕದೆ ಒರೆಸಿದಳು. ಹತ್ತಿಯ ಮೇಲೆ ಎರಡು ಪುಟ್ಟ ಕಪ್ಪು ಗೆರೆಗಳು ಹಾಗೇ ಇಳಿದು ಬಂದಿದ್ದವು.